ಒಣ ತೋಟದಲ್ಲಿ ರೋಸ್ಮರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹಿರಿಯೂರಿನ ಹತ್ತಿರ. ಮಳೆ ಕಡಿಮೆ, ಬಿಸಿಲು ಧಾರಾಳ, ಬೋರ್‌ವೆಲ್ ನೀರು ಗಡಸು. ಹಿತ್ತಲಿಗೆ ಬಂದವರು ರೋಸ್ಮರಿ ಎಲೆಯನ್ನು ಬೆರಳಲ್ಲಿ ಕಿವುಚಿ ಮೂಸಿ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇಷ್ಟು ಬಿಸಿಲಿಗೆ ರೋಸ್ಮರಿ ಬರುತ್ತಾ? ಅದು ಊಟಿ ಕಡೆಯ ಗಿಡ ಅಲ್ವಾ?

ಬರುತ್ತೆ. ನೀಲಗಿರಿಯಲ್ಲಿ ಇದನ್ನು ಬೆಳೆಯಾಗಿ ಬೆಳೆಯುತ್ತಾರೆ, ಅದು ನಿಜ. ಆದರೆ ಇದರ ಹುಟ್ಟೂರು ಊಟಿ ಅಲ್ಲ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳು. ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿ ಕಡೆ ಸುಣ್ಣಕಲ್ಲಿನ ಇಳಿಜಾರಿನಲ್ಲಿ, ಕಲ್ಲಿನ ಸಂದಿಯಲ್ಲಿ ತಾನಾಗಿ ಬೆಳೆಯುತ್ತೆ. ಅಲ್ಲಿ ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ.

ಒಂದು ಎಲೆ ಕಿತ್ತು ನೋಡಿ. ಸೂಜಿಯ ಹಾಗೆ ಸಣ್ಣದು. ಮೇಲ್ಭಾಗ ಹಸಿರು, ಗಟ್ಟಿ. ಎರಡೂ ಅಂಚು ಒಳಕ್ಕೆ ಮಡಚಿಕೊಂಡಿರುತ್ತೆ. ತಿರುಗಿಸಿದರೆ ಕೆಳಗೆ ಬಿಳಿ ನವಿರು ಕೂದಲು, ಕಂಬಳಿ ಹೊದಿಸಿದ ಹಾಗೆ. ಒಳಗಿನ ನೀರು ಆರಿ ಹೋಗದಿರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು ಅದು. ಇಂಥ ಎಲೆ ಇರುವ ಗಿಡ ಬಿಸಿಲಿಗೆ ಹೆದರುವುದಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕೇ ಬೇಕು. ನೆರಳಿನಲ್ಲಿಟ್ಟರೆ ಉದ್ದಕ್ಕೆ ಸೊರಗಿ ಬೆಳೆಯುತ್ತೆ, ವಾಸನೆಯೂ ಮಂದ.

ಹಾಗಾದರೆ ನಮ್ಮ ಮನೇಲಿ ಯಾಕೆ ಸಾಯುತ್ತೆ? ಮೂರು ಸಲ ತಂದೆ, ಮೂರೂ ಹೋಯ್ತು.

ಸಾಮಾನ್ಯವಾಗಿ ನೀರಿನಿಂದ. ಒಣಗಿ ಸತ್ತ ರೋಸ್ಮರಿಗಿಂತ ನೀರು ಕುಡಿದು ಸತ್ತ ರೋಸ್ಮರಿಯನ್ನೇ ನಾನು ಹೆಚ್ಚು ನೋಡಿದ್ದೇನೆ.

ರೋಸ್ಮರಿ ತುಳಸಿ, ದೊಡ್ಡಪತ್ರೆ, ಪುದೀನ ಇವುಗಳ ಕುಟುಂಬದ ಗಿಡವೇ. ಹಾಗಾಗಿ ಮನೆಯವರು ತಂದು ತುಳಸಿಕಟ್ಟೆ ಪಕ್ಕದಲ್ಲೇ ಇಡುತ್ತಾರೆ. ಬೆಳಿಗ್ಗೆ ತುಳಸಿಗೆ ಒಂದು ಚೊಂಬು, ಇದಕ್ಕೂ ಒಂದು ಚೊಂಬು. ತುಳಸಿ ಅದನ್ನು ಕುಡಿದು ಚೆನ್ನಾಗಿರುತ್ತೆ. ರೋಸ್ಮರಿಯ ಬೇರು ಆರು ವಾರದಲ್ಲಿ ಕೊಳೆಯುತ್ತೆ.

ಇನ್ನೊಂದು ಕಾರಣ ನಮ್ಮ ಮಳೆಗಾಲ. ದಕ್ಷಿಣ ಫ್ರಾನ್ಸಿನ ಮಾರ್ಸೇಯಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ನಮ್ಮ ಕಡೆಯೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಅಲ್ಲಿ ಆ ಮಳೆಯ ಹೆಚ್ಚು ಪಾಲು ಬೀಳುವುದು ಚಳಿ ಹಿಡಿಯುವ ಕಾಲದಲ್ಲಿ. ನಮ್ಮಲ್ಲಿ ಬೀಳುವುದು ಸೆಕೆ ಇರುವಾಗಲೇ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿದು ಬಿಡುತ್ತೆ. ಬೆಚ್ಚಗಿನ ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ.

2022ರಲ್ಲಿ ನಮ್ಮ ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ 89 ವರ್ಷದ ನಂತರ ಕೋಡಿ ಬಿತ್ತಲ್ಲ, ಆ ವರ್ಷ ನಮ್ಮ ಹಿತ್ತಲಲ್ಲಿ ಏಳು ರೋಸ್ಮರಿ ಇದ್ದವು. ಸಮತಟ್ಟು ಜಾಗದಲ್ಲಿದ್ದ ಐದೂ ಹೋದವು. ಒಂದನ್ನು ಎಳೆದು ನೋಡಿದೆ. ಒಂದಿಷ್ಟೂ ಬಿಗಿಯಿಲ್ಲದೆ ಕೈಗೆ ಬಂತು. ಬೇರು ಕಪ್ಪಗಾಗಿತ್ತು. ಎರಡು ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ, ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಚರಂಡಿ ವಾಸನೆ. ಉಳಿದದ್ದು ಕಲ್ಲು ಕಟ್ಟೆಯ ಮೇಲೆ, ಮುಕ್ಕಾಲು ಪಾಲು ಗರಸು (ಕಲ್ಲುಚೂರಿನ ಒರಟು ಮಣ್ಣು) ತುಂಬಿದ ಜಾಗದಲ್ಲಿದ್ದ ಎರಡು ಗಿಡ. ಅದೇ ಮಳೆ ಅವುಗಳ ಮೇಲೂ ಬಿದ್ದಿತ್ತು. ನೀರು ನಿಲ್ಲಲಿಲ್ಲ, ಅಷ್ಟೇ. ಈಗ ನಮ್ಮಲ್ಲಿರುವ ಗಿಡಗಳೆಲ್ಲ ಆ ಎರಡರ ಕಡ್ಡಿಯಿಂದ ಬಂದವು.

ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?

ದಿನದ ಲೆಕ್ಕ ಹೇಳಿದರೆ ತಪ್ಪಾಗುತ್ತೆ. ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ. ತಂಪು ತಗುಲಿದರೆ ಬೇಡ. ಪೂರ್ತಿ ಒಣಗಿದ್ದರೆ ತಳದವರೆಗೆ ಇಳಿಯುವಷ್ಟು ಒಮ್ಮೆಲೇ ಹಾಕಿ, ಮತ್ತೆ ಒಣಗುವವರೆಗೆ ಮುಟ್ಟಬೇಡಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೇರು ಮೇಲೆಯೇ ಉಳಿದುಬಿಡುತ್ತೆ.

ಅಂದಾಜಿಗೆ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನೆಟ್ಟ ಮೊದಲ ಎರಡು ತಿಂಗಳು ವಾರಕ್ಕೆ ಎರಡು ಸಲ. ಒಂದು ವರ್ಷ ದಾಟಿದ ಗಿಡಕ್ಕೆ ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಏಪ್ರಿಲ್ ಮೇನಲ್ಲಿ ವಾರಕ್ಕೊಮ್ಮೆ. ಮಳೆಗಾಲದಲ್ಲಿ ನಾವಾಗಿ ಹಾಕುವುದೇ ಇಲ್ಲ. ಡ್ರಿಪ್ ಇದ್ದರೆ ಟೊಮೇಟೊ, ಮೆಣಸಿನ ಗಿಡದ ಲೈನಿಗೆ ಇದನ್ನು ಸೇರಿಸಬೇಡಿ. ಬೇರೆ ವಾಲ್ವ್ ಇರಲಿ.

ಎಲೆ ಕಂದಾಗಿ ಉದುರ್ತಿದೆ. ನೀರು ಜಾಸ್ತಿ ಆಯ್ತಾ, ಕಡಿಮೆ ಆಯ್ತಾ?

ಈ ಗಿಡದ ಕಷ್ಟವೇ ಇದು. ಬೇರೆ ಗಿಡಗಳು ಬಾಯಾರಿದರೆ ಬಾಡಿ ತಲೆ ಬಗ್ಗಿಸಿ ತೋರಿಸುತ್ತವೆ. ರೋಸ್ಮರಿ ಎಲೆ ಗಟ್ಟಿ, ಬಾಡಿದ್ದು ಗೊತ್ತೇ ಆಗುವುದಿಲ್ಲ. ಬೇರು ಕೊಳೆತಾಗಲೂ ಮೇಲಕ್ಕೆ ನೀರು ಹೋಗುವುದಿಲ್ಲ, ಹಾಗಾಗಿ ಎರಡೂ ನೋಡಲು ಒಂದೇ ಥರ. ಜನ ಒಣಗಿದೆ ಅಂದುಕೊಂಡು ಇನ್ನೂ ಎರಡು ಚೊಂಬು ಸುರಿಯುತ್ತಾರೆ.

ಮೊದಲು ಮಣ್ಣು ಮುಟ್ಟಿ ನೋಡಿ. ಮಣ್ಣು ಹಸಿ ಇದ್ದೂ ಎಲೆ ಕಂದಾಗುತ್ತಿದ್ದರೆ ಅದು ಬೇರು ಕೊಳೆ. ಬುಡದ ಕಡೆಯಿಂದ ಹಳದಿ ತಿರುಗಿ, ಒಂದೊಂದೇ ಕೊಂಬೆ ಪೂರ್ತಿಯಾಗಿ ಹೋಗುವುದೂ ಅದರ ಗುರುತು. ಮಣ್ಣು ಧೂಳಾಗಿ, ಗಿಡದ ಬಣ್ಣವೆಲ್ಲ ಒಟ್ಟಿಗೆ ಮಂಕಾಗಿ, ಎಲೆ ಮುಟ್ಟಿದರೆ ಪುಡಿಯಾದರೆ ಬಾಯಾರಿಕೆ. ಬಾಯಾರಿದ್ದು ಬೇಗ ಗೊತ್ತಾದರೆ ಉಳಿಯುತ್ತೆ. ಕೊಳೆತದ್ದು ಉಳಿಯುವುದು ಕಷ್ಟ. ಹಸಿರಾಗಿರುವ ತುದಿಗಳನ್ನು ಅವತ್ತೇ ಕತ್ತರಿಸಿ ಕಡ್ಡಿ ನೆಟ್ಟುಬಿಡಿ. ತಾಯಿ ಗಿಡಕ್ಕಾಗಿ ಕಾಯುತ್ತಾ ಕೂತರೆ ಎರಡೂ ಕೈತಪ್ಪುತ್ತೆ.

ಯಾವ ಮಣ್ಣು ಒಳ್ಳೆಯದು? ನಮ್ಮದು ಎರೆ ಭೂಮಿ.

ಕೆಂಪು ಮಣ್ಣು, ಅದರಲ್ಲೂ ಗರಸು ಬೆರೆತ ಕೆಂಪು ಮಣ್ಣು ಚೆನ್ನಾಗಿ ಒಗ್ಗುತ್ತೆ. ಬೇರೆ ಬೆಳೆಗೆ ಬರಡು ಅನ್ನಿಸುವ ಕಲ್ಲು ಜಾಗ ಇದಕ್ಕೆ ಇಷ್ಟ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 6.5ರಿಂದ 7.5ರವರೆಗೆ ಇದ್ದರೆ ಯೋಚನೆಯೇ ಬೇಡ. ಸ್ವಲ್ಪ ಸುಣ್ಣದ ಅಂಶ ಇದ್ದರೂ ತಡೆದುಕೊಳ್ಳುತ್ತೆ, ಹಾಗಾಗಿ ಬಯಲುಸೀಮೆಯ ಗಡಸು ನೀರಿಗೂ ಹೊಂದಿಕೊಳ್ಳುತ್ತೆ.

ಎರೆ ಮಣ್ಣಿನಲ್ಲಿ ನೇರವಾಗಿ ನೆಡಬೇಡಿ. ಮಳೆ ಬಂದರೆ ಅಂಟು, ಬೇಸಿಗೆಯಲ್ಲಿ ಬಿರುಕು. ಬಿರುಕು ಬಿಡುವಾಗ ಬೇರನ್ನೂ ಹರಿಯುತ್ತೆ. ಎರೆ ಭೂಮಿಯವರು ನೆಲದ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ, ಒಳಗೆ ಗರಸು ಮತ್ತು ಕೆಂಪು ಮಣ್ಣು ಅರ್ಧರ್ಧ ತುಂಬಿ ಅದರಲ್ಲಿ ನೆಡಿ. ಗುಂಡಿ ತೋಡಿ ಅದಕ್ಕೆ ಮಾತ್ರ ಮರಳು ತುಂಬಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಸುತ್ತಲಿನ ಎರೆ ಮಣ್ಣಿನ ನೀರೆಲ್ಲ ಆ ಗುಂಡಿಗೇ ಬಂದು ನಿಲ್ಲುತ್ತೆ, ಬಾವಿ ತೋಡಿದ ಹಾಗೆ.

ಗುಮಾನಿ ಇದ್ದರೆ ಹೀಗೆ ನೋಡಿ: ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ ಇಳಿಯಲು ಬಿಡಿ. ಮತ್ತೆ ತುಂಬಿ. ಎರಡನೇ ಸಲದ ನೀರು ಒಂದೆರಡು ಗಂಟೆಯಲ್ಲಿ ಇಳಿದರೆ ಆ ಜಾಗ ಸರಿ. ಸಂಜೆವರೆಗೂ ನಿಂತಿದ್ದರೆ ಏರು ಮಡಿಯೇ ಗತಿ.

ಯಾವ ತಿಂಗಳಲ್ಲಿ ನೆಡಬೇಕು?

ದೀಪಾವಳಿ ಕಳೆದ ಮೇಲೆ, ಮಳೆ ಹಿಂದೆ ಸರಿದಿದ್ದು ಖಾತ್ರಿಯಾದ ನಂತರ. ಅಲ್ಲಿಂದ ಸಂಕ್ರಾಂತಿವರೆಗೆ ಒಳ್ಳೆಯ ಕಾಲ. ಬೇಸಿಗೆ ಬರುವಷ್ಟರಲ್ಲಿ ಬೇರು ಇಳಿದಿರುತ್ತೆ. ಜುಲೈನಲ್ಲಿ ವನಮಹೋತ್ಸವದ ಹುರುಪಿಗೆ ಎಲ್ಲ ಗಿಡದ ಜತೆ ಇದನ್ನೂ ನೆಡುತ್ತಾರೆ, ಎಳೆ ಬೇರಿಗೆ ಅದೇ ಕೆಟ್ಟ ಕಾಲ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಡಿ. ಗಾಳಿ ಆಡಬೇಕು.

ನರ್ಸರಿಯಿಂದ ತಂದ ಗಿಡವನ್ನು ಹಾಗೇ ಇಡಬಹುದಾ?

ಎರಡು ವಿಷಯ ನೋಡಿ. ಒಂದು, ಗಿಡ ಬಂದಿರುವುದು ಹೆಚ್ಚಾಗಿ ನೆರಳು ಪರದೆಯ ಕೆಳಗಿಂದ. ಮನೆಗೆ ತಂದ ದಿನವೇ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಸುಟ್ಟುಹೋಗುತ್ತೆ. ಮೊದಲು ಬೆಳಗಿನ ಬಿಸಿಲು ಮಾತ್ರ, ಎರಡು ವಾರದಲ್ಲಿ ನಿಧಾನಕ್ಕೆ ಪೂರ್ತಿ ಬಿಸಿಲು.

ಎರಡು, ಬುಡದ ಮುದ್ದೆ. ಕೆಲವದರಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇರುತ್ತೆ. ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತೆ. ಕೆಲವದರಲ್ಲಿ ಇಟ್ಟಿಗೆ ಮಾಡಬಹುದಾದಷ್ಟು ಗಟ್ಟಿ ಜೇಡಿಮಣ್ಣು. ಸುತ್ತ ಎಷ್ಟೇ ಒಳ್ಳೆಯ ಮಣ್ಣು ಹಾಕಿದರೂ ಒಳಗಿನ ಆ ಮುದ್ದೆ ಹಾಗೇ ಉಳಿದರೆ ಗಿಡ ಅದರಲ್ಲೇ ಉಸಿರುಗಟ್ಟುತ್ತೆ. ನೆಡುವ ಮುಂಚೆ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಹೊರಗಿನ ಪದರವನ್ನು ಬೆರಳಿಂದ ಮೆತ್ತಗೆ ಬಿಡಿಸಿ. ಎಲ್ಲ ಬೇರನ್ನೂ ಬೆತ್ತಲೆ ಮಾಡಬೇಡಿ. ಬುಡ ಸುತ್ತಲಿನ ನೆಲಕ್ಕಿಂತ ಒಂದು ಬೆರಳು ಎತ್ತರದಲ್ಲಿ ಕೂರಲಿ, ಪಾತಿ ಮಾಡಬೇಡಿ.

ಬೀಜ ಹಾಕಿ ಬೆಳೆಸಬಹುದಾ?

ಬಹುದು, ಆದರೆ ಬೇಡ. ಮೊಳಕೆ ನಿಧಾನ, ಬರುವುದೂ ಕಡಿಮೆ. ಬಂದರೂ ಒಂದೊಂದು ಸಸಿ ಒಂದೊಂದು ಥರ.

ಕಡ್ಡಿಯೇ ಸುಲಭ. ಪೂರ್ತಿ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ತುದಿ ಆರಿಸಿ. ಬಗ್ಗಿಸಿದರೆ ಬಗ್ಗಬೇಕು, ಬಿಟ್ಟರೆ ನೆಟ್ಟಗಾಗಬೇಕು. 10ರಿಂದ 15 ಸೆಂ.ಮೀ. ಉದ್ದ ಸಾಕು. ಕೆಳಗಿನ ಅರ್ಧ ಭಾಗದ ಎಲೆಗಳನ್ನು ಸವರಿ ತೆಗೆಯಿರಿ. ಒದ್ದೆ ದಪ್ಪ ಮರಳಿನಲ್ಲಿ ಚುಚ್ಚಿ, ಬೆಳಕು ಇರುವ ನೆರಳಿನಲ್ಲಿಡಿ. ಎಂ ಸ್ಯಾಂಡ್ ಆದರೆ ತೊಳೆದು ಧೂಳು ತೆಗೆದು ಬಳಸಿ. ಆರು ವಾರದ ಹೊತ್ತಿಗೆ ಬೇರು ಬರುತ್ತೆ. ಮೆಲ್ಲಗೆ ಎಳೆದಾಗ ಹಿಡಿದ ಹಾಗೆ ಅನ್ನಿಸಿದರೆ ಬಂದಿದೆ ಅಂತ. ದಿನಾ ಎಳೆದು ನೋಡಬೇಡಿ! ಹತ್ತು ಕಡ್ಡಿ ಹಾಕಿ, ಐದಾರು ಬಂದರೆ ಅದು ಒಳ್ಳೆಯ ಲೆಕ್ಕ. ನವೆಂಬರ್‌ನಿಂದ ಫೆಬ್ರವರಿ ಇದಕ್ಕೆ ಹದವಾದ ಕಾಲ.

ತಾರಸಿ ಮೇಲೆ, ಕುಂಡದಲ್ಲಿ?

ಬೆಂಗಳೂರಿನವರು ಹೆಚ್ಚು ಕೇಳುವ ಪ್ರಶ್ನೆ ಇದು. 12 ಇಂಚಿನ ಮಣ್ಣಿನ ಕುಂಡ ಒಳ್ಳೆಯದು. ಅದರ ಗೋಡೆಯಿಂದಲೂ ತೇವ ಆರುತ್ತೆ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು ಇಲ್ಲವೇ ಇಟ್ಟಿಗೆ ಚೂರು, ಒಂದು ಪಾಲು ಹಳೇ ಗೊಬ್ಬರ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ಇಟ್ಟಿಗೆ ತುಂಡುಗಳ ಮೇಲೆ ಎತ್ತಿಡಿ, ನೀರೂ ಹೋಗುತ್ತೆ, ಕಾದ ಕಾಂಕ್ರೀಟಿನ ಬಿಸಿ ನೇರವಾಗಿ ತಟ್ಟುವುದೂ ಇಲ್ಲ. ನೆಲದಲ್ಲಿರುವ ಗಿಡ ಬೇಸಿಗೆಯನ್ನು ತಡೆದುಕೊಂಡರೂ ಕಾದ ಕುಂಡದಲ್ಲಿ ಬೇರು ಬೇಯುತ್ತೆ. ಏಪ್ರಿಲ್ ಮೇನಲ್ಲಿ ಮಧ್ಯಾಹ್ನದ ಹೊತ್ತು ಪ್ಯಾರಪೆಟ್ ಗೋಡೆಯ ನೆರಳು ಬೀಳುವ ಕಡೆ ಸರಿಸಿ. ಜೋರು ಮಳೆ ವಾರಗಟ್ಟಲೆ ಹಿಡಿದರೆ ಸಜ್ಜೆ ಕೆಳಗೆ ಇಡಿ. ಗಡಸು ನೀರು ಹಾಕುವವರು ಎರಡು ತಿಂಗಳಿಗೊಮ್ಮೆ, ತಳದಿಂದ ಹರಿದು ಹೋಗುವಷ್ಟು ನೀರು ಹಾಕಿ ಉಪ್ಪು ತೊಳೆಯಬೇಕು. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಅದು ಉಪ್ಪೇ.

ಗೊಬ್ಬರ ಏನು ಹಾಕಲಿ?

ವರ್ಷಕ್ಕೊಮ್ಮೆ ಎರಡು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ. ಮುಗೀತು. ಯೂರಿಯಾ ಬೇಡವೇ ಬೇಡ. ಹೆಚ್ಚು ಸಾರ ಸಿಕ್ಕರೆ ಗಿಡ ಸೊಂಪಾಗಿ ಕಾಣುತ್ತೆ, ಆದರೆ ಕೊಂಬೆ ಮೆತ್ತಗೆ, ಘಮ ಕಡಿಮೆ, ಕೀಟ ಜಾಸ್ತಿ.

ಬುಡಕ್ಕೆ ಒಣ ಎಲೆ ಮುಚ್ಚಬಹುದಾ?

ಬೇರೆ ಗಿಡಕ್ಕೆ ಒಳ್ಳೆಯದು, ಇದಕ್ಕೆ ಬೇಡ. ಬುಡದಲ್ಲಿ ತೇವ ನಿಲ್ಲುತ್ತೆ, ನಮ್ಮ ಕಡೆ ಗೆದ್ದಲೂ ಬರುತ್ತೆ. ಬೆಣಚು ಕಲ್ಲು, ಜಲ್ಲಿ ಚೂರು ಹರಡಿ. ಮಳೆ ಹನಿ ಬಿದ್ದು ಕೆಸರು ಎಲೆಗೆ ಸಿಡಿಯುವುದೂ ತಪ್ಪುತ್ತೆ.

ಯಾವಾಗ, ಎಲ್ಲಿಗೆ ಕತ್ತರಿಸಬೇಕು?

ಅಡುಗೆಗೆ ಬೇಕಾದಾಗೆಲ್ಲ ತುದಿ ಕಿತ್ತರೆ ಅದೇ ಅರ್ಧ ಕೆಲಸ. ಪಕ್ಕದಿಂದ ಹೊಸ ಚಿಗುರು ಬಂದು ಪೊದೆ ತುಂಬಿಕೊಳ್ಳುತ್ತೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಮಳೆಗಾಲ ಶುರುವಾಗುವ ಮುಂಚೆ ಪೊದೆಯ ಒಳಗಿನ ಒಣ ಕಡ್ಡಿಗಳನ್ನು, ನೆಲಕ್ಕೆ ತಾಗುವ ಕೊಂಬೆಗಳನ್ನು ತೆಗೆದು ಗಾಳಿಗೆ ದಾರಿ ಮಾಡಿ.

ಒಂದು ಎಚ್ಚರಿಕೆ. ಎಲೆಯೇ ಇಲ್ಲದ, ಬೂದು ಬಣ್ಣದ ಹಳೇ ಕಟ್ಟಿಗೆಯವರೆಗೆ ಇಳಿಸಿ ಕತ್ತರಿಸಬೇಡಿ. ದಾಸವಾಳವನ್ನು ಬುಡಕ್ಕೆ ಕತ್ತರಿಸಿದರೂ ಚಿಗುರುತ್ತೆ. ರೋಸ್ಮರಿ ಹಳೇ ಕಟ್ಟಿಗೆಯಿಂದ ಚಿಗುರುವುದು ತೀರಾ ಅಪರೂಪ. ಹಸಿರು ಎಲೆ ಇರುವ ಜಾಗದ ಮೇಲೆಯೇ ಕತ್ತರಿ ಇರಲಿ. ಬುಡ ಬೋಳಾದ ಹಳೇ ಗಿಡವನ್ನು ಸರಿ ಮಾಡುವುದಕ್ಕಿಂತ ಅದರ ಕಡ್ಡಿ ನೆಡುವುದೇ ಲೇಸು.

ಕೀಟ, ರೋಗ?

ನೆಲದ ಗಿಡಕ್ಕೆ ಕಡಿಮೆ. ಕುಂಡದ ಗಿಡಕ್ಕೆ, ಅದರಲ್ಲೂ ಗಾಳಿ ಆಡದ ಬಾಲ್ಕನಿಯಲ್ಲಿ, ಹಿಟ್ಟು ತಿಗಣೆ ಮತ್ತು ಕೆಂಪು ನುಸಿ ಬರುತ್ತೆ. ನುಸಿ ಇದ್ದರೆ ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಸಂದಿಯಲ್ಲಿ ನವಿರಾದ ಬಲೆ. ಬೆಳಿಗ್ಗೆ ಪೈಪಿನ ನೀರನ್ನು ಎಲೆಯ ಕೆಳಗಿಂದ ಜೋರಾಗಿ ಬಿಟ್ಟರೆ ಬಹಳಷ್ಟು ಹೋಗುತ್ತೆ. ಬುಡಕ್ಕೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿ ಈ ಕೆಲಸ ಮಾಡಿ. ಹೋಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ದ್ರಾವಣ, ಸಂಜೆ ಹೊತ್ತು ಸಿಂಪಡಿಸಿ. ಬಿಳಿ ಬೂದಿ ರೋಗ ಬಂದರೆ ಗಿಡಗಳು ಇಕ್ಕಟ್ಟಾಗಿವೆ ಅಂತ ಅರ್ಥ.

ಅಡುಗೆಗೆ ಹೇಗೆ ಬಳಸೋದು? ನಮ್ಮ ಅಡುಗೆಗೆ ಒಗ್ಗುತ್ತಾ?

ಇದರ ಎಣ್ಣೆಯಲ್ಲಿ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಇದೆ, ಕರ್ಪೂರದ ಅಂಶವೂ ಇದೆ. ಅದಕ್ಕೇ ಮೂಸಿದರೆ ಮೂಗು ತೆರೆದ ಹಾಗಾಗುತ್ತೆ. ಘಾಟು ಜಾಸ್ತಿ, ಕೊತ್ತಂಬರಿ ಹಾಗೆ ಮೇಲೆ ಉದುರಿಸಿದರೆ ಬಾಯಿಗೆ ಕಡ್ಡಿ ಕಡ್ಡಿ. ಕರಿಬೇವಿನ ಹಾಗೆ ಕಾದ ಎಣ್ಣೆಗೆ ಹಾಕಿ. ಸಣ್ಣ ಆಲೂಗಡ್ಡೆ ಬೇಯಿಸಿ, ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಒಂದು ಎಸಳು ರೋಸ್ಮರಿ, ಆಮೇಲೆ ಆಲೂಗಡ್ಡೆ, ಕಲ್ಲುಪ್ಪು, ಕಾಳುಮೆಣಸಿನ ಪುಡಿ. ಕಬ್ಬಿಣದ ಬಾಣಲೆಯಲ್ಲಿ ಕೆಂಪಗಾಗುವವರೆಗೆ ಬಿಡಿ. ನಮ್ಮ ಅತ್ತೆ ಮೊದಲು ಬೇಡ ಅಂದವರು, ಈಗ ರಾಗಿ ರೊಟ್ಟಿ ಜತೆಗೆ ಇದನ್ನೇ ಕೇಳುತ್ತಾರೆ.

ಒಣಗಿಸುವುದಾದರೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕತ್ತರಿಸಿ, ಸಣ್ಣ ಕಟ್ಟು ಕಟ್ಟಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ನಮ್ಮ ಒಣ ಹವೆಗೆ ವಾರ, ಹತ್ತು ದಿನ ಸಾಕು. ಬಿಸಿಲಿಗಿಟ್ಟರೆ ಘಮ ಹಾರಿಹೋಗುತ್ತೆ.

ರೋಸ್ಮರಿ ನೀರು ಹಚ್ಚಿದರೆ ಕೂದಲು ಬರುತ್ತಂತೆ, ನಿಜಾನಾ?

2015ರಲ್ಲಿ ಇರಾನಿನಲ್ಲಿ ನಡೆದ ಒಂದು ಸಣ್ಣ ಅಧ್ಯಯನ ಈ ಮಾತಿಗೆ ದೊಡ್ಡ ಆಧಾರ. ಕೂದಲು ಉದುರುತ್ತಿದ್ದ 100 ಜನರಲ್ಲಿ ಅರ್ಧ ಜನಕ್ಕೆ ರೋಸ್ಮರಿ ಎಣ್ಣೆ, ಅರ್ಧ ಜನಕ್ಕೆ ಕೂದಲು ಉದುರುವುದಕ್ಕೆ ಹಚ್ಚುವ ಔಷಧ ಮಿನಾಕ್ಸಿಡಿಲ್ (2%) ಕೊಟ್ಟರು. ಆರು ತಿಂಗಳಿಗೆ ಎರಡೂ ಕಡೆ ಸ್ವಲ್ಪ ಸುಧಾರಿಸಿತು, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬಳಸಿದ್ದು ರೋಸ್ಮರಿ ಎಣ್ಣೆ. ಮನೆಯಲ್ಲಿ ಎಲೆ ಕುದಿಸಿದ ನೀರಿಗೂ ಅದೇ ಫಲ ಅಂತ ಅದರಿಂದ ಹೇಳಲಾಗುವುದಿಲ್ಲ. ಹಚ್ಚಿಕೊಳ್ಳಬೇಕು ಅನ್ನಿಸಿದರೆ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಗಟ್ಟಿ ಎಣ್ಣೆಯನ್ನು ನೇರವಾಗಿ ಹಚ್ಚಬೇಡಿ, ಕುಡಿಯಲೇಬೇಡಿ. ಬಸುರಿಯರು, ಮೂರ್ಛೆ ರೋಗ ಇರುವವರು ಎಣ್ಣೆಯಿಂದ ದೂರ ಇರಲಿ. ಅಡುಗೆಗೆ ಹಾಕುವ ಒಂದೆರಡು ಎಸಳಿಗೆ ಹೆದರಬೇಕಿಲ್ಲ.

ಒಂದು ಎಕರೆ ಹೊಲಕ್ಕೆ ಹಾಕಬಹುದಾ?

ಕೊಳ್ಳುವವರು ಯಾರು ಅನ್ನುವುದು ಗೊತ್ತಾಗದೆ ಒಂದು ಗುಂಟೆಗೂ ಹಾಕಬೇಡಿ. ದವನ, ಮರುಗಕ್ಕೆ ನಮ್ಮಲ್ಲಿ ಹೂವಿನ ಮಾರುಕಟ್ಟೆ ಇದೆ. ರೋಸ್ಮರಿಗೆ ಅದಿಲ್ಲ. ಹೋಟೆಲ್, ಒಣ ಎಲೆ, ಎಣ್ಣೆ, ಇಷ್ಟೇ ದಾರಿ. ಸುಗಂಧ ಸಸ್ಯಗಳ ಬಗ್ಗೆ ಕೆಲಸ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಸಿಮ್ಯಾಪ್‌ನ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೊದಲು ಅಲ್ಲಿ ವಿಚಾರಿಸಿ, ಇಪ್ಪತ್ತು ಗಿಡ ನೆಟ್ಟು ಒಂದು ಮಳೆಗಾಲ ದಾಟಿಸಿ ನೋಡಿ.

ನಾವು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೇವೆ. ಇದೇ ಲೆಕ್ಕ ನಡೆಯುತ್ತಾ?

ನಿಮಗೆ ಇನ್ನೂ ಸುಲಭ. ಪರ್ತ್, ಅಡಿಲೇಡ್, ಕ್ಯಾಲಿಫೋರ್ನಿಯಾದ ಕರಾವಳಿ, ಎಲ್ಲ ಕಡೆ ಮಳೆ ಬೀಳುವುದು ಚಳಿಗಾಲದಲ್ಲಿ, ಗಿಡದ ಹುಟ್ಟೂರಿನ ಹಾಗೇ. ಮೊದಲ ವರ್ಷ ನೋಡಿಕೊಂಡರೆ ಆಮೇಲೆ ಬೇಲಿಯಾಗಿಯೇ ಬೆಳೆಯುತ್ತೆ. ನೀಲಿ ಹೂವೂ ಧಾರಾಳ, ಜೇನ್ನೊಣ ಮುತ್ತುತ್ತವೆ. ನಮ್ಮ ಹಿತ್ತಲಲ್ಲಿ ಹೂ ಕಡಿಮೆ. ಡಿಸೆಂಬರ್ ಜನವರಿಯ ಚಳಿಗೆ ನಾಲ್ಕಾರು ಬಿಟ್ಟರೆ ಅದೇ ಸಂಭ್ರಮ.

ಸತ್ತ ಗಿಡದ ಜಾಗದಲ್ಲೇ ಮತ್ತೆ ನೆಡಬಹುದಾ?

ಒಣಗಿ ಸತ್ತಿದ್ದರೆ ನೆಡಬಹುದು. ಕೊಳೆತು ಸತ್ತಿದ್ದರೆ ಬೇಡ, ಆ ಮಣ್ಣಿನಲ್ಲಿ ಶಿಲೀಂಧ್ರ ಉಳಿದಿರುತ್ತೆ. ಕುಂಡವಾದರೆ ಮಣ್ಣು ಚೆಲ್ಲಿ, ಕುಂಡವನ್ನು ತಿಕ್ಕಿ ತೊಳೆದು ಎರಡು ದಿನ ಬಿಸಿಲಿಗೆ ಬೋರಲು ಹಾಕಿ, ಹೊಸ ಮಣ್ಣು ತುಂಬಿ. ನೆಲವಾದರೆ ನಾಲ್ಕು ಹೆಜ್ಜೆ ಆಚೆ, ಒಂದು ಅಡಿಯಾದರೂ ಎತ್ತರಿಸಿ ನೆಡಿ. ನಮ್ಮಲ್ಲಿ ಆ ಐದು ಗಿಡ ಇದ್ದ ಜಾಗದಲ್ಲಿ ಈಗ ದೊಡ್ಡಪತ್ರೆ ಇದೆ, ಅದು ಚೆನ್ನಾಗಿದೆ. ರೋಸ್ಮರಿಯೆಲ್ಲ ಕಟ್ಟೆ ಮೇಲಕ್ಕೆ ಹೋಗಿವೆ.